ಕೌದಿಯ ನಾಲ್ಕನೆಯ ಮೂಲೆ

ಒಂದಾನೊಂದು ಕಾಲದಲ್ಲಿ, ಹಕ್ಕಿಗಳೂ ಭಜನೆಯ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ ನಡೆದೇ ಹೋಗುತ್ತಿದ್ದ ಕಾಲದಲ್ಲಿ, ಒಂದು ಸಿಂಪಿಗ ಹಕ್ಕಿ ಇತ್ತು. ಆಷಾಢದ ಮಳೆ. ಚಂದ್ರಭಾಗೆಯ ದಂಡೆಯ ಮೇಲೆ ವಿಠ್ಠಲ ತೊಯ್ದು ತೊಪ್ಪೆಯಾಗಿ ನಡುಗುತ್ತ ನಿಂತಿದ್ದ. ನವಿಲು ಗರಿ ಕೊಟ್ಟಿತು, ಗಿಳಿ ಪೇರಲಹಣ್ಣು ಕೊಟ್ಟಿತು, ಕಾಗೆ ಏನೂ ಕೊಡದೆ ಆ ಪೇರಲಹಣ್ಣನ್ನೇ ಎತ್ತಿಕೊಂಡು ಹೋಯಿತು. ಹೆಬ್ಬೆರಳಿನಷ್ಟಿದ್ದ ಸಿಂಪಿಗ ಹಕ್ಕಿಯ ಹತ್ತಿರ ಸೂಜಿಯಂಥ ಕೊಕ್ಕು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಅದು ಹೇಳಿತು: "ದೇವರೇ, ನಿನಗೊಂದು ಶಾಲು ಹೊಲಿದು ಕೊಡ್ತೀನಿ. ಇಲ್ಲೇ ನಿಂತಿರು, ಈಗ ಬಂದೆ." ದೇವರು ಆಯಿತೆಂದು ಇಟ್ಟಿಗೆಯ ಮೇಲೆ ನಿಂತ. ಹಕ್ಕಿ ದೊಡ್ಡ ಎಲೆ ಹುಡುಕಿತು, ಹತ್ತಿಯ ಎಳೆ ತಂದಿತು, ಹೊಲಿಯಿತು. ಇನ್ನೇನು ಶಾಲು ಮುಗಿಯಿತು ಎನ್ನುವಾಗ ಒಳಗೆ ಇಣುಕಿದರೆ, ಮರಿಗಳು! ದೇವರಿಗೆ ಶಾಲು ಹೊದಿಸಬೇಕೆಂದು ಮರಿಗಳನ್ನು ಹೊರಗೆ ಚೆಲ್ಲಲಾಗುತ್ತದೆಯೇ? ಇವು ಹಾರಿಹೋಗಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡಿತು. ಮರಿಗಳು ಹಾರುವ ಹೊತ್ತಿಗೆ ಎಲೆ ಒಣಗಿ ಉದುರಿತು. ಮತ್ತೊಂದು ಎಲೆ, ಮತ್ತೆ ಹೊಲಿಗೆ, ಮತ್ತೆ ಮರಿಗಳು. ಅದಕ್ಕೇ ದೇವರು ಇವತ್ತಿಗೂ ಟೊಂಕದ ಮೇಲೆ ಎರಡೂ ಕೈ ಇಟ್ಟುಕೊಂಡು, 'ಎಲ್ಲಿ ನನ್ನ ಶಾಲು?' ಎಂದು ಕೇಳುವವನ ಹಾಗೆ ನಿಂತಿದ್ದಾನೆ.

ಈ ಕಥೆ ಯಾವ ಪುರಾಣದಲ್ಲೂ ಇಲ್ಲ. ಇದ್ದದ್ದು ಸಕ್ಕುಬಾಯಿಯ ಬಾಯಲ್ಲಿ. ಸಕ್ಕುಬಾಯಿ ರೇಣುವಿನ ಅಜ್ಜಿ. ಬಿಜಾಪುರದ ಕಡೆಯಿಂದ ಬಂದು ಪುಣೆಯ ದಾಪೋಡಿಯಲ್ಲಿ ನೆಲೆನಿಂತ ಸಿಂಪಿಗರ ಮನೆಯ ಹಿರಿಯಳು. ಮನೆಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಬಟ್ಟೆ ಹೊಲಿಯುವ ಮಂದಿಗೆ ಎಲೆ ಹೊಲಿಯುವ ಹಕ್ಕಿ ಬೀಗರಲ್ಲದೆ ಇನ್ನೇನು ಎಂಬುದು ಅವಳ ಲೆಕ್ಕಾಚಾರ. "ಅದು ನಮ್ಮ ಪೈಕಿ. ಹೊರಗ ಕಂಡ್ರ ಒಂದ ಮಾತು ಆಡಿಸ್ಬೇಕು," ಎನ್ನುತ್ತಿದ್ದಳು.

ತೊಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಆ ಬೀಗರು ನಿಜಕ್ಕೂ ಹಿತ್ತಲಿಗೆ ಬಂದರು.

ಹಿತ್ತಲೆಂದರೆ ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲು, ಅದರ ನೀರು ಕುಡಿದು ಬೆಳೆದ ಒಂದು ಅಂಜೂರದ ಗಿಡ, ಕರಿಬೇವು, ಗೋಡೆಗೆ ಒರಗಿದ ದಾಸವಾಳ, ತುಳಸಿಕಟ್ಟೆ, ಅಂಜೂರದಿಂದ ಗೋಡೆಯ ಮೊಳೆಗೆ ಬಿಗಿದ ಅರಿವೆ ಒಣಹಾಕುವ ತಂತಿ. ಗೋಡೆಯ ಆಚೆ ಲೋಣಾವಳಾ ಲೋಕಲ್ ಓಡುವ ಹಳಿ. ರೇಣುವಿನ ಅಪ್ಪ ಅವಧೂತ ದಿನಾ ಬೆಳಿಗ್ಗೆ ಅದೇ ಲೋಕಲ್ ಹಿಡಿದು ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ತನ್ನ ಟೇಲರ್ ಅಂಗಡಿಗೆ ಹೋಗುತ್ತಿದ್ದ. ರೇಣುವಿನ ಕಾಲೇಜಿಗೆ ರಜೆ. ಅವಳು ಕಟ್ಟೆಯ ಮೇಲೆ ಕೂತು ಹಿತ್ತಲಿಗೆ ಯಾರು ಬಂದರು ಯಾರು ಹೋದರು ನೋಡುತ್ತಿದ್ದಳು, ನೋಡಿದ್ದನ್ನು ಆಯಿಗೆ ಹೇಳುತ್ತಿದ್ದಳು. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಳೆಗಾಲ ಕಳೆದ ಮೇಲೆ ತೆಗೆಯೋಣ ಎಂದಿದ್ದರು ಡಾಕ್ಟರು. ಅಲ್ಲಿಯತನಕ ಅವಳ ಪಾಲಿಗೆ ಹಿತ್ತಲೆಂದರೆ ರೇಣು ಹೇಳಿದ್ದು.

"ಈಗ ಯಾರ್ ಬಂದಾರ?"

"ಬುಲ್‌ಬುಲ್, ಆಯಿ. ಗಂಡ ಹೆಂಡ್ತಿ ಇಬ್ರೂ. ದಾಸವಾಳದಾಗ ಮನಿ ಮಾಡ್ಯಾರ. ಅಳಿಲು ಅಂಜೂರ ಕಚ್ಚಿ ಚಲ್ಲಿ ಹೋಗ್ಯದ."

"ಪೂರಾ ತಿನ್ನಂಗಿಲ್ಲ ಅದು. ನಿಮ್ಮಪ್ಪ ಸಣ್ಣಾಂವ ಇದ್ದಾಗ ಹಿಂಗಽ ಮಾಡ್ತಿದ್ದ."

ಮೇ ತಿಂಗಳಲ್ಲಿ ರೇಣುವಿನ ಅಕ್ಕ ಸ್ನೇಹಲ್ ಚೊಚ್ಚಲ ಹೆರಿಗೆಗೆ ಗಂಡನ ಮನೆಯಿದ್ದ ಭೋರ್‌ನಿಂದ ತವರಿಗೆ ಬಂದಳು. ಬಂದ ದಿನವೇ ಆಯಿ ತನ್ನ ಟ್ರಂಕು ತೆಗೆಸಿದಳು. ಒಳಗೆ ಅವಳ ಹಳೆಯ ಇಳಕಲ್ ಸೀರೆಗಳು, ಕೆಂಪು ಸೆರಗು ಮಾಸಿದವು. ತೀರಿಹೋದ ಅಜ್ಜನ ಧೋತರಗಳು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಚೊಚ್ಚಲ ಕೂಸನ್ನು ಮೊಟ್ಟಮೊದಲು ತೊಟ್ಟಿಲಿಗೆ ಹಾಕುವಾಗ ಕೆಳಗೆ ಹಾಸುವುದು ಹಳೆಯ ಸೀರೆಗಳ ಕೌದಿ. ಅದನ್ನು ಮನೆಯ ಹೆಂಗಸೇ ಕೈಯಿಂದ ಹೊಲಿಯಬೇಕು, ಮಷಿನ್ ತಾಗಿಸಬಾರದು. ಕೂಸು ಮಲಗುವ ಮುಂಚೆ ಆ ಕೌದಿಯನ್ನು ಬೇರೆ ಯಾರೂ ಬಳಸಬಾರದು. ಇನ್ನೂ ಒಂದಿತ್ತು: ಮೂರು ಮೂಲೆ ಹೊಲಿದು ನಾಲ್ಕನೆಯದನ್ನು ಬಾಯಿ ತೆರೆದೇ ಬಿಡಬೇಕು. ಎಲ್ಲ ಹೊಲಿಗೆ ಮುಗಿದ ಮೇಲೆ ಆ ಮೂಲೆಯಲ್ಲಿ ಚಿಟಿಕೆ ಜೋಳದ ಕಾಳು ಹಾಕಿ ಕೌದಿಯ ಹೊಟ್ಟೆ ತುಂಬಿಸಿ, ಆಮೇಲೆ ಬಾಯಿ ಮುಚ್ಚಬೇಕು. ಹಸಿದ ಕೌದಿಯ ಮೇಲೆ ಮಲಗಿದ ಕೂಸು ಸದಾ ಅಳುತ್ತದೆ ಎನ್ನುತ್ತಿದ್ದಳು ಆಯಿ.

ಅವಧೂತನನ್ನು ಅವಳ ಸೀರೆಯ ಕೌದಿಯ ಮೇಲೆ ಮಲಗಿಸಿದ್ದರು. ಸ್ನೇಹಲ್‌ಳನ್ನೂ. ಅವೆಲ್ಲ ಸಕ್ಕುಬಾಯಿಯ ಕೈಯ ಹೊಲಿಗೆ. ಈಗ ಅವಳ ಕೈ ನೆಟ್ಟಗಿದ್ದರೂ ಕಣ್ಣಿಲ್ಲ.

"ನಾ ಹೊಲಿತೀನಿ ಆಯಿ," ಎಂದಳು ರೇಣು.

ರೇಣುವಿನ ಅವ್ವ ಅಡುಗೆಮನೆಯಿಂದಲೇ ನಕ್ಕಳು. "ನೀ? ಹೋದ ವರ್ಷ ನಿನ್ನ ಜಂಪರಿಗೆ ಗುಂಡಿ ಹಚ್ಚತೀನಿ ಅಂದಿ. ಇನ್ನೂ ಪಿನ್ನ ಹಾಕ್ಕೊಂಡ ಅಡ್ಡಾಡತಿ."

"ತೊಟ್ಲ ಕಾರ್ಯದ ದಿನಕ್ಕ ಕೊಡ್ತೀನಿ. ಆಣಿಗೂ."

"ಆಣಿ ಬ್ಯಾಡ. ಹೊಲಿದು ಕೊಡು," ಎಂದಳು ಆಯಿ. ಅಷ್ಟೇ. ಆದರೆ ಅವಳು ಟ್ರಂಕಿನಿಂದ ತನ್ನ ಸ್ವಂತ ಸೂಜಿಡಬ್ಬಿ ತೆಗೆದು ರೇಣುವಿನ ಮಡಿಲಿಗೆ ಹಾಕಿದಳು. ಆ ಡಬ್ಬಿಯನ್ನು ಅವಳು ಅದುವರೆಗೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಮನೆಯಲ್ಲಿ ರೇಣು ಶುರುಮಾಡಿ ಮುಗಿಸದೆ ಬಿಟ್ಟ ಕೆಲಸಗಳು ಬಹಳ. ಇದೊಂದನ್ನು ಮುಗಿಸದಿದ್ದರೆ ಆ ಡಬ್ಬಿ ತಿರುಗಿ ಟ್ರಂಕಿಗೆ ಹೋಗುತ್ತದೆ, ಮತ್ತೆ ತನ್ನ ಕೈಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಮನೆ ಎರಡೇ ಕೋಣೆಯದು. ಒಂದರಲ್ಲಿ ಬಸುರಿ, ಇನ್ನೊಂದರಲ್ಲಿ ಜೂನ್ ತಿಂಗಳ ಶಾಲೆಯ ಯೂನಿಫಾರ್ಮಿನ ಗಂಟುಗಳು. ಕೌದಿ ಹರವಿ ಹೊಲಿಯಲು ಜಾಗವಿದ್ದದ್ದು ಹಿತ್ತಲ ಪಡಸಾಲೆಯಲ್ಲಿ ಮಾತ್ರ. ರೇಣು ಅಲ್ಲಿ ಕಾಲು ಚಾಚಿ ಕೂತು, ಅಂಚಿನಿಂದ ಸುತ್ತುಸುತ್ತಾಗಿ ಒಳಗೆ ಹೊಲಿಯತೊಡಗಿದಳು. ಆಯಿ ಮಗ್ಗುಲಲ್ಲಿ ಕೂತು ಬೆರಳಾಡಿಸಿ ಹೊಲಿಗೆಯನ್ನು ತಪಾಸಣೆ ಮಾಡುತ್ತಿದ್ದಳು. "ಇಲ್ಲಿ ಏನಾತು? ಎತ್ತು ಉಚ್ಚಿ ಹೊಯ್ದಂಗ ಹೋಗ್ಯದಲ್ಲ ಸಾಲು."

"ಅಲ್ಲಿ ಹೊಲಿಯೋ ಮುಂದ ದಾಸವಾಳಕ್ಕ ಸೂರಕ್ಕಿ ಬಂದಿತ್ತು ಆಯಿ."

ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಕೌದಿಯ ಕತ್ತರಿಸಿದ ಅಂಚಿನಿಂದ ಎದ್ದು ನಿಂತಿದ್ದ ಎಳೆಯೊಂದನ್ನು ಯಾರೋ ಜಗ್ಗಿದರು. ರೇಣು ತಲೆಯೆತ್ತಿದರೆ ಎದುರಿಗೆ ಹಸಿರು ಬೆನ್ನು, ಇಟ್ಟಿಗೆ ಬಣ್ಣದ ನೆತ್ತಿ, ಬಾಲ ನೆಟ್ಟಗೆ ಮೇಲೆ. ಅದು ಎಳೆ ಕಿತ್ತುಕೊಂಡು ಅಂಜೂರದ ಗಿಡಕ್ಕೆ ಹೋಯಿತು. ಗೋಡೆಯ ಕಡೆಗೆ ಬಾಗಿದ ಕೊಂಬೆಯಲ್ಲಿ ಅಂಗೈಗಿಂತ ದೊಡ್ಡ ಎಲೆಯೊಂದರ ಎರಡು ಅಂಚನ್ನು ಹತ್ತಿರ ತಂದು, ಕೊಕ್ಕಿನಿಂದ ತೂತು ಹಾಕಿ, ಆ ತೂತಿನಲ್ಲಿ ಎಳೆ ತೂರಿಸಿತು. ಎಳೆಯ ತುದಿ ಹೊರಗೆ ಬಂದು ಸಣ್ಣ ಕುಚ್ಚಿನಂತೆ ಅರಳಿತು, ಗಂಟು ಹಾಕಿದ ಹಾಗೆ ಗಟ್ಟಿಯಾಗಿ ನಿಂತಿತು.

ರೇಣು ಇದನ್ನೆಲ್ಲ ಪಿಸುದನಿಯಲ್ಲಿ ಹೇಳಿದಳು. ಆಯಿಯ ಮುಖ ಅರಳಿತು.

"ಬಂದ್ಯಾ ನಮ್ಮವ್ವ," ಎಂದಳು ಗಿಡದ ಕಡೆಗೆ ಮುಖ ಮಾಡಿ. "ಯಾವ ಬಣ್ಣದ ಎಳಿ ಒಯ್ದಳು?"

"ನಿನ್ನ ಸೆರಗಿಂದು. ಕೆಂಪು."

"ಒಯ್ಲಿ. ಮದವಿ ಸೀರಿ ಅದು. ನಿಮ್ಮಜ್ಜ ಸತ್ತ ಮ್ಯಾಲೆ ಅದಕ್ಕೂ ಏನ್ ಕೆಲಸ ಇತ್ತು."

ಆಮೇಲೆ ಇಬ್ಬರು ಹೊಲಿಯುವವರಲ್ಲಿ ಪೈಪೋಟಿ ಎಂದು ಅವ್ವ ಗೇಲಿ ಮಾಡಿದಳು. ಗೆದ್ದದ್ದು ಯಾರೆಂದು ಬೇರೆ ಹೇಳಬೇಕಿಲ್ಲ. ಹಕ್ಕಿಯ ಎಲೆ ಸಂಚಿಯಾಗಿ, ಒಳಗೆ ಹತ್ತಿ ಹಾಸಿ, ಮೊಟ್ಟೆಗೆ ಕೂತದ್ದೂ ಆಯಿತು. ರೇಣುವಿನ ಕೌದಿ ಇನ್ನೂ ಎರಡನೆಯ ಮೂಲೆಯ ಸುತ್ತಮುತ್ತ ಸುಳಿಯುತ್ತಿತ್ತು. ಸೂಜಿ ಬಟ್ಟೆಯಲ್ಲಿ, ಕಣ್ಣು ಗಿಡದಲ್ಲಿ. ಅವಧೂತ ಸಂಜೆ ಬಂದು ಅದನ್ನು ಎತ್ತಿ ಹಿಡಿದು ನೋಡಿ, "ಮಷಿನ್ ಮ್ಯಾಲೆ ಒಗದ್ರ ಚಹಾ ಕುಡಿಯೋದ್ರಾಗ ಮುಗಿತದ. ಯಾರಿಗೂ ಹೇಳಂಗಿಲ್ಲ," ಎಂದ.

"ಅವಧೂತ," ಎಂದಳು ಒಳಗಿನಿಂದ ಆಯಿ, "ನನಗ ಕಣ್ಣಿಲ್ಲ, ಕಿವಿ ಅದಾವ."

ಜೂನ್ ಮೊದಲ ವಾರ ಸ್ನೇಹಲ್‌ಗೆ ಹೆಣ್ಣು ಕೂಸು ಹುಟ್ಟಿತು. ಅದರ ಹಿಂದೆಯೇ ಒಂದು ಮುಂಜಾನೆ ಅಂಜೂರದ ಎಲೆಯೊಳಗಿನಿಂದ ಕೇಳಿಯೂ ಕೇಳದ ಹಾಗೆ ಚಿವ್‌ಗುಟ್ಟುವ ಸದ್ದು ಬಂತು. ಮೂರು ಮರಿ. ತಾಯಿ ತಂದೆ ಎರಡೂ ಹುಳ ತಂದು ಸುರಿಯುತ್ತಿದ್ದವು. ಒಳಗೆ ಸ್ನೇಹಲ್ ಬಾಣಂತಿ, ಹೊರಗೆ ಈ ಹಕ್ಕಿ ಬಾಣಂತಿ. ಅವ್ವನೂ ಈಗ ಬಟ್ಟೆ ಒಗೆಯುವಾಗ ಕಲ್ಲಿಗೆ ಮೆಲ್ಲಗೆ ಬಡಿಯತೊಡಗಿದಳು.

ಕೆಂಬೂತ ಬಂದದ್ದು ಆಗ.

ಮೊದಲು ಕಂಡದ್ದು ರೇಣುವಿಗೇ. ಕಾಗೆಯಷ್ಟು ದೊಡ್ಡದು, ಮೈಯೆಲ್ಲ ಕಪ್ಪು, ರೆಕ್ಕೆ ತಾಮ್ರದ್ದು, ಕಣ್ಣು ಗುಲಗಂಜಿ. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಗೋಡೆಯ ಮೇಲೆ ಜಹಗೀರದಾರನ ಹಾಗೆ ಹೆಜ್ಜೆಯಿಟ್ಟು ಬಂತು. ರೇಣು ಮೈಮರೆತು ಎಲ್ಲರನ್ನೂ ಕೂಗಿ ಕರೆದಳು. ಪಕ್ಕದ ಮನೆಯ ಮರಾಠಿ ಹೆಂಗಸು, ಶೇವಂತಾ ಮಾವಶಿ, ಕಂಪೌಂಡಿನ ಆಚೆಯಿಂದಲೇ ಕೈಮುಗಿದಳು. "ಅಗ ಬಾಈ, ಭಾರದ್ವಾಜ!" ಎಂದು ಗಲ್ಲ ಗಲ್ಲ ಬಡಿದುಕೊಂಡಳು. ಅವಳ ಮಂದಿ ಕೆಂಬೂತಕ್ಕೆ ಹಾಗೆನ್ನುತ್ತಾರೆ; ಅದು ಕಣ್ಣಿಗೆ ಬಿದ್ದರೆ ಆ ದಿನವೆಲ್ಲ ಒಳ್ಳೆಯದು. ಅವ್ವನಿಗೂ ಅಷ್ಟೇ ಖುಷಿ. "ನಮ್ಮಲ್ಲೂ ಸಾಂಬಾರಕಾಗಿ ಬಂದ್ರ ಲಕ್ಷ್ಮಿ ಬಂದಂಗ ಅಂತಾರ. ಹೆಣ್ಣ ಕೂಸು ಹುಟ್ಟಿದ ಮನಿಗೆ ತಾನಾಗೇ ಹುಡಿಕ್ಕೊಂಡ ಬಂದದ ನೋಡು." ಅದು ತೊಟ್ಟಿಲ ದಿನವೂ ಬರಲಿ ಎಂದು ಅವ್ವ ದಿನಾ ಗೋಡೆಯ ಮೇಲೆ ಮೊಸರನ್ನದ ತುತ್ತು ಇಡತೊಡಗಿದಳು. ತೆಂಗಿನ ಪರಟೆಯಲ್ಲಿ ನೀರು ಇಟ್ಟವಳು ರೇಣು.

ಮೊಸರನ್ನ ಕಾಗೆ ತಿಂದಿತು. ಕೆಂಬೂತ ತಿಂದದ್ದು ಬೇರೆ.

ಒಂದು ಮಧ್ಯಾಹ್ನ ದಾಸವಾಳದೊಳಗೆ ಬುಲ್‌ಬುಲ್‌ಗಳು ಬಾಯಿ ಬಡಿದುಕೊಂಡವು. ರೇಣು ನೋಡುತ್ತಿದ್ದಂತೆಯೇ ಕೆಂಬೂತ ಒಳಗಿನಿಂದ ಹೊರಗೆ ಬಂತು. ಕೊಕ್ಕಿನಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿಯೊಂದು ಜೋತುಬಿದ್ದಿತ್ತು. ಅದನ್ನು ಗೋಡೆಯ ಮೇಲೆ ಎರಡು ಸಲ ಕುಕ್ಕಿ ನುಂಗಿ, ರೇಣು ಇಟ್ಟಿದ್ದ ಪರಟೆಯಿಂದ ನೀರು ಕುಡಿದು, ಮತ್ತೆ ದಾಸವಾಳದೊಳಗೆ ಹೋಯಿತು. ಸಂಜೆಗೆ ಆ ಗೂಡಿನಲ್ಲಿ ಏನೂ ಉಳಿದಿರಲಿಲ್ಲ.

ರೇಣು ಅಡುಗೆಮನೆಗೆ ಹೋಗಿ ನಿಂತಳು. "ಅವ್ವಾ, ಅದು ಮರಿ ತಿಂತದ. ನಾವಽ ಕರದು ನೀರ್ ಕೊಟ್ಟು ಕುಂಡ್ರಿಸೀವಿ. ನಾಳೆ ಬಂದ್ರ ನಾ ಕಲ್ಲ ಒಗಿತೀನಿ."

"ಒಗದಿ ಅಂದ್ರ ನೋಡು! ಬಾಣಂತಿ ಮನ್ಯಾಗ ಶುಭದ ಹಕ್ಕಿಗೆ ಕಲ್ಲ ಒಗಿಯೋದಾ? ನಿಮ್ಮಕ್ಕನ ಅತ್ತಿಗೆ ಗೊತ್ತಾದ್ರ ನನಗ ಉಳಿಗಾಲ ಇಲ್ಲ."

ರೇಣು ಆಯಿಯ ಹತ್ತಿರ ಹೋದಳು. ಆಯಿ, "ಅದಕ್ಕೂ ಮರಿ ಇರ್ತಾವ. ಅದು ಶುಭ ಮಾಡ್ಲಿಕ್ಕೆ ಹುಟ್ಟಿಲ್ಲ, ಪಾಪ ಮಾಡ್ಲಿಕ್ಕೂ ಹುಟ್ಟಿಲ್ಲ. ಹೊಟ್ಟಿ ತುಂಬಿಸ್ಕೊಳ್ತದ," ಎಂದಳು. ಆಮೇಲೆ, "ನಮ್ಮವ್ವನ ಎಲಿ ಗ್ವಾಡಿಗೆ ಎಷ್ಟ ದೂರದಾಗ ಅದ?" ಎಂದು ಕೇಳಿದಳು.

"ಅದು ನಡಕೊಂತ ಬಂದ್ರ ಸಿಗ್ತದ ಆಯಿ. ಕೊಂಬಿ ಗ್ವಾಡಿ ಮ್ಯಾಲೇ ಬಂದದ."

ಆಮೇಲಿನ ದಿನಗಳಲ್ಲಿ ರೇಣು ಪಡಸಾಲೆ ಬಿಟ್ಟು ಕದಲಲಿಲ್ಲ. ಮೊಸರನ್ನವನ್ನು ಅವ್ವನಿಗೆ ಗೊತ್ತಾಗದ ಹಾಗೆ ಎತ್ತಿಕೊಂಡು ತಾನೇ ತಿಂದಳು. ಪರಟೆ ಬೋರಲು ಹಾಕಿದಳು. ಕೆಂಬೂತ ಗೋಡೆಯ ಮೇಲೆ ಬಂದಾಗೆಲ್ಲ ಎದ್ದು ಸೀರೆ ಕೊಡವುವವಳ ಹಾಗೆ ಕೌದಿ ಕೊಡವುತ್ತಿದ್ದಳು; ಅದು ಹಿಂದೆ ಸರಿಯುತ್ತಿತ್ತು, ಹೋಗುತ್ತಿರಲಿಲ್ಲ. ಹೀಗೆ ಕೊಡವಿ ಕೊಡವಿ ಹೊಲಿಗೆ ಹಿಂದೆ ಬಿತ್ತು. ತೊಟ್ಟಿಲ ಕಾರ್ಯದ ದಿನ ಬೆಳಕಾದಾಗ ಒಳಗಿನ ಎರಡು ಸುತ್ತು, ಮತ್ತು ನಾಲ್ಕನೆಯ ಮೂಲೆ ಇನ್ನೂ ಬಾಕಿ ಇದ್ದವು.

ಭೋರ್‌ನವರು ಬೆಳಗಿನ ಎಸ್‌ಟಿ ಬಸ್ಸಿಗೇ ಬಂದರು. ಸ್ನೇಹಲ್‌ಳ ಅತ್ತೆ ಗೋದಾಬಾಯಿ ಅರ್ಧ ಕನ್ನಡ ಅರ್ಧ ಮರಾಠಿ ಕಲಸಿ ಮಾತಾಡುವ, ಶಕುನದ ವಿಷಯದಲ್ಲಿ ಮಾತ್ರ ಯಾವ ಕಲಬೆರಕೆಯನ್ನೂ ಸಹಿಸದ ಹೆಂಗಸು. ಗಂಡಸರು ಮುಂದಿನ ಕಟ್ಟೆಯ ಮೇಲೆ ಕೂತರು. ತೊಟ್ಟಿಲು ಕಟ್ಟಿದ್ದು ಹಿತ್ತಲ ಪಡಸಾಲೆಯ ತೊಲೆಗೆ, ಹೆಂಗಸರೆಲ್ಲ ಅಲ್ಲಿ. ಮಳೆ ಬಂದು ನಿಂತಿತ್ತು. ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು, ನೆನೆಸಿದ ಕಡಲೆಯ ಬುಟ್ಟಿ ಬಂದಿತ್ತು. ರೇಣು ಮೆಟ್ಟಿಲ ಮೇಲೆ ಕೂತು, ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುತ್ತ, ಎರಡು ಸುತ್ತನ್ನೂ ಹೊಲಿದು ಮುಗಿಸಿದಳು. ಉಳಿದದ್ದು ಮೂಲೆ. ಇನ್ನು ಕಾಳು ಹಾಕಿ ಬಾಯಿ ಮುಚ್ಚಿದರೆ ಮುಗಿಯಿತು. ಮಾತು ಉಳಿಯುತ್ತಿತ್ತು.

"ಹಿಂಗ ಕಡೇ ಗಳಿಗ್ಯಾಗ ಹೊಲಿಯೋ ಪದ್ಧತಿ ಏನ್ರಿ ನಿಮ್ಮದು?" ಎಂದಳು ಗೋದಾಬಾಯಿ ಅವ್ವನನ್ನು ನೋಡಿ.

"ಸಿಂಪಿಗರ ಮನಿ ಅಲ್ಲೇನ್ರಿ," ಎಂದಳು ಆಯಿ. "ಗಿರಾಕಿ ಬಾಗಿಲಿಗೆ ಬಂದ್ ನಿಂತ ಮ್ಯಾಲೇ ಗುಂಡಿ ಹಚ್ಚೋದು. ನಿಮ್ಮಲ್ಲಿ ಹೆಂಗರ?"

ಹೆಂಗಸರು ನಕ್ಕರು. ಗೋದಾಬಾಯಿಯೂ ನಗಬೇಕಾಯಿತು.

ಆಗ ಕೇಳಿಸಿತು, ಖಾಲಿ ಕೊಡದೊಳಗೆ ಬಾಯಿಟ್ಟು ಊದಿದಂಥ ಸದ್ದು: ಊಪ್, ಊಪ್, ಊಪ್. ತಾಮ್ರದ ರೆಕ್ಕೆ ಮಡಚಿ ಕೆಂಬೂತ ಗೋಡೆಯ ಮೇಲೆ ಇಳಿಯಿತು.

ಗೋದಾಬಾಯಿಯ ಕೈಗಳು ತಾವಾಗಿ ಕೂಡಿಕೊಂಡವು. "ವಿಠ್ಠಲಾ! ಕೂಸಿನ ದೈವ ನೋಡ್ರಿ! ಯಾರೂ ಅಳ್ಳಾಡಬ್ಯಾಡ್ರಿ, ಮಾತಾಡಬ್ಯಾಡ್ರಿ." ಅವ್ವನ ಮುಖದಲ್ಲಿ ಗೆದ್ದವಳ ಕಳೆ. ಎಲ್ಲರೂ ಕೈಮುಗಿದು ನಿಂತರು. ಬಾಣಂತಿ ಸ್ನೇಹಲ್ ಕೂಸಿನ ಪುಟ್ಟ ಕೈಗಳನ್ನು ತನ್ನ ಕೈಯಲ್ಲಿ ಜೋಡಿಸಿದಳು.

ಕೆಂಬೂತ ಗೋಡೆಯ ಮೇಲೆ ನಡೆಯತೊಡಗಿತು. ಅಂಜೂರದ ಕಡೆಗೆ. ಸಿಂಪಿಗ ಹಕ್ಕಿಗಳು ಎರಡೂ ಕೊಂಬೆಯ ಮೇಲೆ ಜಿಗಿಯುತ್ತ ಟುವ್ವಿ ಟುವ್ವಿ ಎಂದು ಗಂಟಲು ಹರಿದುಕೊಂಡವು.

"ಅತ್ತಿ, ಓಡಸ್ತೀನ್ರಿ ಅದನ್ನ," ಎಂದಳು ರೇಣು.

"ಬಾಯಿ ಮುಚ್ಚು," ಎಂದಳು ಅವ್ವ ಹಲ್ಲು ಕಚ್ಚಿ.

ಆಯಿ ತನ್ನ ಎಂದಿನ ದನಿಯಲ್ಲಿ ಕೇಳಿದಳು: "ಏನ್ ನಡದದ ರೇಣು? ನನಗ ಕಾಣ್ಸಂಗಿಲ್ಲ. ಹೇಳು."

ರೇಣು ಹೇಳತೊಡಗಿದಳು. ದಿನಾ ಹೇಳುತ್ತಿದ್ದ ಹಾಗೆಯೇ. "ಕೆಂಬೂತ ಗ್ವಾಡಿ ಮ್ಯಾಲೆ ಅದ, ಆಯಿ. ಗಿಡದ ಕಡೆ ಹೊಂಟದ. ತಾಯಿ ಅದರ ಮುಂದ ಮುಂದ ಹಾರಿ ಹೊಯ್ಕೊಳ್ಳಿಕ್ಕತ್ತದ. ಅದು ಹೆದರವಲ್ಲದು. ಕೊಂಬಿ ಮ್ಯಾಲೆ ಒಂದ್ ಕಾಲ್ ಇಟ್ಟದ. ಎಲಿ ಅಳ್ಳಾಡ್ತು. ಮೂರೂ ಮರಿ ತಾಯಿ ಬಂದಳು ಅಂತ ತಿಳಿದು ಬಾಯಿ ತಗದಾವ ಆಯಿ—"

ಮುಂದಿನದನ್ನು ಅವಳು ಹೇಳಲಿಲ್ಲ. ಮಡಿಲಲ್ಲಿದ್ದ ಕೌದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಓಡಿ, ಬಲೆ ಬೀಸುವವರ ಹಾಗೆ ಬೀಸಿ ಒಗೆದಳು. ಕೌದಿ ತಂತಿಯ ಮೇಲೆ ಬಿದ್ದು, ಗೋಡೆಗೂ ಕೊಂಬೆಗೂ ನಡುವೆ ಪರದೆಯ ಹಾಗೆ ಇಳಿಯಿತು. ಮೂಲೆಯಲ್ಲಿ ಸೂಜಿ ಇನ್ನೂ ದಾರಕ್ಕೆ ನೇತಾಡುತ್ತಿತ್ತು. ಕೆಂಬೂತ ಭಾರವಾಗಿ ರೆಕ್ಕೆ ಬಡಿದು, ಶೇವಂತಾ ಮಾವಶಿಯ ತಗಡಿನ ಛಾವಣಿಯ ಮೇಲೆ ಒಂದು ಸಲ ಕಾಲೂರಿ, ಹಳಿಯ ಆಚೆಗೆ ಹಾರಿಹೋಯಿತು.

ಲೋಕಲ್ ಒಂದು ಹಾದುಹೋಯಿತು. ಅದು ಹೋದ ಮೇಲೆ ಗೋದಾಬಾಯಿ ಶುರುಮಾಡಿದಳು.

"ಬಂದ ಲಕ್ಷ್ಮೀನ ಅರಿವಿ ಬೀಸಿ ಓಡಸೋದಾ? ಅದೂ ನನ್ನ ಮೊಮ್ಮಗಳ ಕೌದಿ? ಕೂಸಿಗಿಂತ ಮೊದಲ ಯಾರೂ ಮುಟ್ಟಂಗಿಲ್ಲ, ಬಳಸಂಗಿಲ್ಲ ಅಂತ ನೀವಽ ಹೇಳಿ ಕಳಿಸಿದ್ರಿ. ಈಗ ಗಿಡಕ್ಕ ಹೊಚ್ಚಿದ್ದು ಕೂಸಿನ ಕೆಳಗ ಹಾಸೋದಾ? ಹೇಳ್ರಿ ಸಕ್ಕುಬಾಯಿ, ನೀವಽ ಹಿರೇರು."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸ್ನೇಹಲ್ ತಂಗಿಯನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡಿ ಕೂಸಿನ ಕಡೆಗೆ ತಲೆ ಬಗ್ಗಿಸಿದಳು. ರೇಣು ಗಿಡದ ಕೆಳಗೆ ನಿಂತೇ ಇದ್ದಳು. ಅಳು ಬರುತ್ತಿತ್ತು, ಆದರೂ ಕೌದಿ ತೆಗೆಯಲು ಕೈ ಮೇಲೇಳಲಿಲ್ಲ.

ಆಯಿ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದಳು. ಕೈಯಾಡಿಸುತ್ತ ತಂತಿ ಹುಡುಕಿ, ತಂತಿಯಿಂದ ಕೌದಿಗೆ ಬಂದು, ಅಂಚಿನುದ್ದಕ್ಕೂ ಬೆರಳು ಸರಿಸಿದಳು. ಒಂದು ಮೂಲೆ. ಎರಡು. ಮೂರು. ನಾಲ್ಕನೆಯದರಲ್ಲಿ ಅವಳ ಎರಡು ಬೆರಳು ಒಳಗೆ ಹೋದವು. ನೇತಾಡುವ ಸೂಜಿಯನ್ನು ಮುಟ್ಟಿ ಗುರುತು ಹಿಡಿದು, ಅದನ್ನು ಬಟ್ಟೆಗೆ ಚುಚ್ಚಿ ಭದ್ರ ಮಾಡಿದಳು.

"ಇದರ ಬಾಯಿ ಇನ್ನೂ ತೆರದದ," ಎಂದಳು. "ಕಾಳು ಬಿದ್ದಿಲ್ಲ. ಕಾಳು ಬಿದ್ದು ಬಾಯಿ ಮುಚ್ಚೋತನಕ ನಮ್ಮ ಮನ್ಯಾಗ ಇದಕ್ಕ ಕೌದಿ ಅನ್ನಂಗಿಲ್ರಿ ಗೋದಾಬಾಯಿ. ಇವು ನನ್ನ ಹಳೀ ಸೀರಿ. ನನ್ನ ಸೀರಿ ನಾ ಯಾವ ಬಾಣಂತಿಗರ ಹೊಚ್ಚತೀನಿ."

"ಹಂಗಾರ ತೊಟ್ಲಿಗೆ ಏನ್ ಹಾಸ್ತೀರಿ?"

"ಈ ಹುಡಿಗ್ಯಾರ ಅಜ್ಜನ ಧೋತರ ಒಂದ್ ಉಳದದ. ಮೆತ್ತಗದ. ಇವತ್ತ ಅದು ಸಾಕು." ಆಮೇಲೆ ರೇಣುವಿನ ಕಡೆಗೆ ತಿರುಗಿದಳು. "ನೀ ಇವತ್ತ ಕೊಡ್ತೀನಿ ಅಂದಿದ್ದಿ. ಕೊಡಲಿಲ್ಲ. ಅದು ತಪ್ಪಽ. ಯಾವಾಗ ಕೊಡ್ತಿ?"

ರೇಣು ಪರದೆಯ ಸಂದಿನಿಂದ ಎಲೆ ನೋಡಿದಳು. ತಾಯಿ ಹಕ್ಕಿ ಆಗಲೇ ಇನ್ನೊಂದು ಮಗ್ಗುಲಿನಿಂದ ಹುಳ ಹಿಡಿದುಕೊಂಡು ಬಂದಿತ್ತು.

"ಇವು ಹಾರಿ ಹೋದ ಮ್ಯಾಲೆ, ಆಯಿ."

"ಆತು. ಹಂಗಾರ ತಂತಿಗೆ ಚಿಮಟಿ ಹಾಕು, ಗಾಳಿಗೆ ಬಿದ್ದೀತು."

ಕಾರ್ಯ ನಡೆಯಿತು. ಧೋತರದ ಮೇಲೆ ಕೂಸನ್ನು ಹಾಕಿ, ತೊಟ್ಟಿಲ ಮೇಲಿಂದ ಕೆಳಗಿಂದ ಕೈಯಿಂದ ಕೈಗೆ ದಾಟಿಸಿ, ಸೋದರತ್ತೆ ಕಿವಿಯಲ್ಲಿ ಹೆಸರು ಊದಿದಳು. ಕೂಸಿಗೆ ಯಶೋದಾ ಎಂದು ಹೆಸರಾಯಿತು. ಗೋದಾಬಾಯಿ ಊಟಕ್ಕೆ ಕೂತಳು, ಹೋಳಿಗೆಗೆ ಎರಡು ಸಲ ತುಪ್ಪ ಹಾಕಿಸಿಕೊಂಡಳು; ಸಿಟ್ಟು ಮಾತ್ರ ಇಳಿಯಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಮುಂದಿನ ಸಲ ಬಂದಾಗರ ಕೌದಿ ಕಾಣ್ಲಿ. ಗಿಡದ ಮ್ಯಾಲಲ್ಲ, ಕೂಸಿನ ಕೆಳಗ," ಎಂದಳು. ಅವ್ವ ಎರಡು ದಿನ ರೇಣುವಿಗೆ ಬಡಿಸುವಾಗ ಪಾತ್ರೆ ಕುಕ್ಕಿ ಇಟ್ಟಳು. ಅವಧೂತ ಯಾರ ಪರವಾಗಿಯೂ ಮಾತಾಡದೆ, ಅಂಗಡಿಯಿಂದ ದೊಡ್ಡ ಚಿಮಟಿಗಳ ಪಾಕೀಟೊಂದನ್ನು ತಂದು ರೇಣುವಿನ ಮುಂದಿಟ್ಟು ಹೋದ.

ಕೆಂಬೂತ ಮತ್ತೆ ಬಂತು. ಗೋಡೆಯ ಮೇಲೆ ನಡೆದು ಬಂದು, ಗಾಳಿಗೆ ಅಲ್ಲಾಡುವ ಪರದೆಯ ಮುಂದೆ ನಿಂತು, ಗುಲಗಂಜಿ ಕಣ್ಣಿನಿಂದ ಆ ಕಡೆ ಈ ಕಡೆ ನೋಡಿ, ತಿರುಗಿ ನಡೆಯಿತು. ಮಳೆಗೆ ಕೌದಿ ತೊಯ್ದಿತು, ಬಿಸಿಲಿಗೆ ಒಣಗಿತು, ಮತ್ತೆ ತೊಯ್ದಿತು. ಅದರ ಮೇಲೆ ಮೈನಾ ಕೂತು ಹೇತದ್ದೂ ಆಯಿತು. ರೇಣು ಎಲ್ಲವನ್ನೂ ಆಯಿಗೆ ಹೇಳಿದಳು, ಹೇತದ್ದನ್ನೂ.

ಆಮೇಲೊಂದು ಬೆಳಿಗ್ಗೆ ಮರಿಗಳು ಹೊರಬಂದವು. ಮೊದಲನೆಯದು ಎಲೆಯ ಬಾಯಲ್ಲಿ ಬಹಳ ಹೊತ್ತು ಕೂತು, ಹಾರದೆ, ಜಾರಿ ಕೆಳಗಿನ ಎಲೆಗೆ ಬಿತ್ತು. ಎರಡನೆಯದು ಅದನ್ನು ನೋಡಿ ಹಾರಿತು. ಮೂರನೆಯದನ್ನು ತಾಯಿ ಹುಳ ತೋರಿಸಿ ತೋರಿಸಿ ಕರಿಬೇವಿನ ಗಿಡದತನಕ ಕರೆದೊಯ್ದಳು. ಬಾಲ ಇನ್ನೂ ಮೂಡಿರಲಿಲ್ಲ, ಮೂರೂ ಗುಂಡಗೆ ಲಿಂಬೆಹಣ್ಣಿನ ಹಾಗಿದ್ದವು. ಮಧ್ಯಾಹ್ನದೊಳಗೆ ಅವು ಶೇವಂತಾ ಮಾವಶಿಯ ಸೀತಾಫಲದ ಗಿಡ ಸೇರಿದವು. ಮಾವಶಿ ಕಂಪೌಂಡಿನ ಆಚೆಯಿಂದ ಬಗ್ಗಿ ನೋಡಿ, "ಆತಾ ಹೇ ಪಣ ಶುಭಚ ಕಾ ಗ ರೇಣು?" ಎಂದು ಕಣ್ಣು ಮಿಟುಕಿಸಿದಳು. ಇದೂ ಶುಭವೇ ಹೌದೇನೇ ಎಂದು. ಅವಳ ಹಿಂದೆ ಅವಳ ತಗಡಿನ ಮೇಲೆ ಕೆಂಬೂತಕ್ಕೆಂದು ಇಟ್ಟ ಮೊಸರನ್ನದ ತುತ್ತು ಇತ್ತು. ರೇಣು ಬೇಡಿಕೊಂಡಳು, ಮಾವಶಿ ಗೊಣಗುತ್ತ ಅದನ್ನು ಎತ್ತಿದಳು.

ಖಾಲಿ ಎಲೆಯನ್ನು ರೇಣು ತೊಟ್ಟು ಚಿವುಟಿ ತಂದಳು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಕುಚ್ಚುಗಳು. ಅವುಗಳ ನಡುವೆ ಆಯಿಯ ಸೆರಗಿನ ಕೆಂಪು ಎಳೆ. ಆಯಿ ಅದರ ಮೇಲೆ ಬೆರಳಾಡಿಸಿ, "ನಿನಗಿಂತ ಸಾಲು ನೆಟ್ಟಗಾವ," ಎಂದಳು.

"ಇದರಾಗಿನ ಹತ್ತಿ ಕೌದಿ ಮೂಲ್ಯಾಗ ಹಾಕೋಣ ಆಯಿ. ಕಾ‌ಳಿನ ಜೊತಿಗೆ."

"ಹುಚ್ಚಿ, ಅದರಾಗ ಹೇನಿರ್ತಾವ. ಕೂಸಿಗೆ ತುರಿಕಿ ಎದ್ರ ಗೋದಾಬಾಯಿ ನನ್ನ ಬಿಡತಾಳೇನು? ಒಗಿ ಅತ್ತಾಗ. ಕೈ ತೊಳ್ಕೊ."

ರೇಣು ಕೈ ತೊಳೆದುಕೊಂಡಳು. ಕೌದಿಯನ್ನು ತಂತಿಯಿಂದ ಇಳಿಸಿ, ಬಿಸಿನೀರಿನಲ್ಲಿ ಒಗೆದು, ಪಡಸಾಲೆಯ ಮೇಲಿನ ಕಾದ ತಗಡಿನ ಮೇಲೆ ಹರವಿದಳು. ಮಳೆ ಮೂರು ದಿನ ಬಿಡುವು ಕೊಟ್ಟಿತ್ತು. ತೊಯ್ದು ಒಣಗಿ ತೊಯ್ದು ಒಣಗಿ ಬಟ್ಟೆ ಬೆಣ್ಣೆಯಂತಾಗಿತ್ತು. ಅವ್ವ ಅದನ್ನು ಕೆನ್ನೆಗೆ ಒತ್ತಿ ನೋಡಿ, ಒಳಗೆ ಹೋಗಿ ಡಬ್ಬಿಯಿಂದ ಜೋಳ ತಂದಳು.

ಪಡಸಾಲೆಯಲ್ಲಿ ಎಲ್ಲರೂ ಕೂತರು. ಸ್ನೇಹಲ್ ತೊಡೆಯ ಮೇಲೆ ಕೂಸು ಎಚ್ಚರವಿತ್ತು. ಆಯಿ ನಾಲ್ಕನೆಯ ಮೂಲೆಯ ಬಾಯಿ ಬಿಡಿಸಿ ಚಿಟಿಕೆ ಕಾಳು ಒಳಗೆ ಬಿಟ್ಟಳು. "ಉಣ್ಣವ್ವ," ಎಂದಳು ಕೌದಿಗೆ. ರೇಣು ಸೂಜಿಗೆ ದಾರ ಪೋಣಿಸಿದಳು. ಅಂಜೂರದ ಗಿಡದಲ್ಲಿ ಯಾರೋ ಬಂದ ಸದ್ದಾಯಿತು, ಎಲೆ ಅಲುಗಿತು; ಅವಳು ತಲೆ ಎತ್ತಲಿಲ್ಲ. ಒಂದರ ಪಕ್ಕ ಒಂದು ಸಣ್ಣ ಹೊಲಿಗೆ ಹಾಕುತ್ತ ಮೂಲೆಯನ್ನು ಮುಚ್ಚಿ, ಎರಡು ಸಲ ಸುತ್ತಿ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

"ಮುಗೀತಾ?" ಎಂದಳು ಆಯಿ.

"ಮುಗೀತು."

ಆಯಿ ಕೈ ಚಾಚಿದಳು. ರೇಣು ಸೂಜಿಡಬ್ಬಿ ಕೊಡಲು ಹೋದಳು. "ಅದಲ್ಲ, ಅದು ನಿನ್ನ ಹತ್ರಽ ಇರ್ಲಿ," ಎಂದು ಆಯಿ ಕೌದಿ ತೆಗೆದುಕೊಂಡು, ನಾಲ್ಕೂ ಮೂಲೆ ಮುಟ್ಟಿ ನೋಡಿ, ತೊಟ್ಟಿಲಲ್ಲಿ ಹಾಸಿದಳು. ಸ್ನೇಹಲ್ ಕೂಸನ್ನು ಅದರ ಮೇಲೆ ಮಲಗಿಸಿದಳು.